ರಿಜಿಸ್ಟರಿನೊಳಗೆ ಉಳಿದ ಅರ್ಜಿ

ಕೊರೊನಾ ತಣ್ಣಗಾದ ಮರುವರ್ಷ ನಾನು ಹಾರೂಗೇರಿಯ ಆಚೆಗಿನ ಕೆಲವು ಹಳ್ಳಿಗಳಿಗೆ ಜಾನುವಾರು ಅಧಿಕಾರಿಯಾಗಿದ್ದೆ. ಲಸಿಕೆ ಹಾಕುವುದು ನನ್ನ ಕೆಲಸ, ನಾನು ಡಾಕ್ಟರಲ್ಲ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಈ ಘಟನೆ ನಡೆದ ಊರಿನ ಹೆಸರು ಬರೆಯುವುದಿಲ್ಲ. ತಪ್ಪು ಊರಿನದಲ್ಲ.

ಆ ಊರಲ್ಲಿ ಕುರಿ, ಎಮ್ಮೆ ಸಾಕುವವರೇ ಹೆಚ್ಚು. ಪಶುವೈದ್ಯರ ಹುದ್ದೆ ಬಹಳ ದಿನದಿಂದ ಖಾಲಿ. ವಾರಕ್ಕೆ ಎರಡು ದಿನವಾದರೂ ಡಾಕ್ಟರು ಬರಲಿ ಎಂದು ಊರವರು ಸಹಿ, ಹೆಬ್ಬೆಟ್ಟು ಹಾಕಿ ನನ್ನ ಕೈಗೆ ಅರ್ಜಿ ಕೊಟ್ಟಿದ್ದರು. ಅದನ್ನು ಮೇಲಿನ ಕಚೇರಿಗೆ ಕಳಿಸಿದ್ದೆ ಎಂದೇ ನನ್ನ ನೆನಪು.

ಆರು ತಿಂಗಳ ನಂತರ ಲಸಿಕೆ ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋದೆ. ಬಾಯಿ, ಗೊರಸುಗಳಲ್ಲಿ ಹುಣ್ಣೆಬ್ಬಿಸುವ ಈ ರೋಗದಲ್ಲಿ ದೊಡ್ಡ ದನಗಳು ಸಾಮಾನ್ಯವಾಗಿ ಬದುಕುತ್ತವೆ, ಎಳೆಗರುಗಳು ಉಳಿಯುವುದು ಕಷ್ಟ. ಒಂದು ದನವೂ ಹೊರಗೆ ಬಂದಿರಲಿಲ್ಲ. ಗುಡಿಯ ಕಟ್ಟೆಯ ಮೇಲೆ ಹಿರಿಯ ಕುರಿಗಾರ ಸಿದ್ದಪ್ಪಜ್ಜ ಕೂತಿದ್ದರು. ಡಾಕ್ಟರು ಬರುವ ತನಕ ಸೂಜಿ ಬೇಡ ಎಂದು ಊರವರು ಮನೆಗೊಬ್ಬರಂತೆ ದೇವರ ಭಂಡಾರ ಮುಟ್ಟಿ ಆಣೆ ಮಾಡಿದ್ದರು. ಆ ಅರಿಶಿನ ಮುಟ್ಟಿದ ಮೇಲೆ ಮಾತು ತಪ್ಪುವವರಿಲ್ಲ.

“ದನಕ್ಕ ಮಾತ ಬರೂದಿಲ್ರಿ ಸಾಹೇಬ್ರ, ಅದಕ್ಕ ನಾವ ಬರದ ಕೊಟ್ಟೀವಿ,” ಎಂದರು ಅಜ್ಜ. “ನಿಮಗ ಓದಾಕ ಬರೂದಿಲ್ಲಂದ್ರ ಹೇಳ್ರಿ, ನಮ್ಮೂರ ಸಾಲಿಗೆ ಹೆಸರ ಹಚ್ಚತೀವಿ.”

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು.

“ನಾನ ಕೈಯಾರೆ ಮ್ಯಾಲೆ ಕಳಿಸೀನ್ರಿ ಅಜ್ಜಾರ.”

“ಹಂಗಾದ್ರ ನಿಮ್ಮದೇನೂ ತಪ್ಪಿಲ್ಲ ಬಿಡ್ರಿ. ಚಾ ಕುಡದ ಹೋಗ್ರಿ.”

ಮರಳುವಾಗ ಭಾಗವ್ವ ಎಂಬಾಕೆ ದಾರಿಯಲ್ಲಿ ನಿಲ್ಲಿಸಿದಳು. ಆಕೆಗೆ ಇದ್ದದ್ದು ಒಂದು ಎಮ್ಮೆ, ಅದರ ಐದು ತಿಂಗಳ ಕರು. “ನಮ್ಮ ಕರಕ್ಕೊಂದ ಸೂಜಿ ಹಾಕ್ರಿ ಅಂತ ಬಾಯಿಗಿ ಬರತೈತ್ರಿ ಯಪ್ಪಾ. ಆದ್ರ ಭಂಡಾರ ಮುಟ್ಟೀನಿ.” ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಹೋದಳು. ಆ ದಿನದ ನನ್ನ ಕಚೇರಿ ದಿನಚರಿಯಲ್ಲಿ ಆಕೆಯಿಲ್ಲ. ‘ಲಸಿಕೆ ನಿರಾಕರಣೆ’ ಎಂದಷ್ಟೇ ಇದೆ.

ಕಚೇರಿಗೆ ಬಂದು, ಆ ನಿರಾಕರಣೆಯನ್ನು ದಾಖಲಿಸಲು ಲಸಿಕೆ ರಿಜಿಸ್ಟರ್ ತೆರೆದೆ. ಪುಟದ ಗುರುತಿಗೆಂದು ಮಡಚಿಟ್ಟ ಕಾಗದವೊಂದು ಜಾರಿಬಿತ್ತು. ಅದು ಅವರ ಅರ್ಜಿ. ಕಟ್ಟೆಯ ಮುಂದೆ ನಾನು ವಾದಿಸುವಾಗಲೂ ಅದು ನನ್ನ ಕಂಕುಳಲ್ಲೇ ಇತ್ತು.

ಮರುದಿನ ನಾನೇ ಒಯ್ದು ಮೇಲಧಿಕಾರಿಯ ಮೇಜಿನ ಮೇಲಿಟ್ಟೆ. ತಡವಾದದ್ದಕ್ಕೆ ಕಾರಣ ಹೇಳಲಿಲ್ಲ. ಊರೇ ಲಸಿಕೆ ಬಿಟ್ಟಿದೆ ಎಂದಾಗ ಅವರು ಗಾಬರಿಯಾದರು. ಆದರೂ ವಾರಕ್ಕೆರಡು ದಿನ ಹೋಗುವಂತೆ ಪಕ್ಕದ ಹೋಬಳಿಯ ಡಾಕ್ಟರಿಗೆ ಆದೇಶವಾಗಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟರೊಳಗೆ ರೋಗ ಊರು ಹೊಕ್ಕಿತ್ತು. ಭಾಗವ್ವನ ಕರು ಸತ್ತಿತು.

ಡಾಕ್ಟರ ಜೊತೆ ನಾನೂ ಹೋಗಿ, ರೋಗ ತಾಗದ ದನಗಳಿಗೆ ಲಸಿಕೆ ಹಾಕಿದೆ. ಕೊಟ್ಟಿಗೆಯ ಮುಂದೆ ಭಾಗವ್ವ ಮಜ್ಜಿಗೆ ತಂದಳು. “ಕರ ಹೋತ್ರಿ. ಡಾಕ್ಟರ್ ಆದ್ರೂ ಬಂದ್ರಲ್ಲ. ನೀವ ಅಡ್ಡಾಡಿ ತಂದ್ರಿ ಅಂತ ಅಜ್ಜ ಹೇಳಿದ.” ನಾನು ಮಜ್ಜಿಗೆ ಕುಡಿದೆ.

ಅರ್ಜಿ ಕೊಟ್ಟವರು ನಮ್ಮನ್ನು ನಂಬಿ ಕಾಯುತ್ತಾರೆ. ಆ ನಂಬಿಕೆ ಸೋತಾಗ ಅವರು ತಮ್ಮದನ್ನೇ ಪಣಕ್ಕಿಡುತ್ತಾರೆ, ನಮ್ಮದೇನೂ ಹೋಗುವುದಿಲ್ಲ. ನಿವೃತ್ತಿಯವರೆಗೆ ಬಂದ ಪ್ರತಿ ಅರ್ಜಿಯನ್ನೂ ಅದೇ ದಿನ ಕಳಿಸಿ, ರವಾನೆ ನಂಬರನ್ನು ಕೊಟ್ಟವರ ಕೈಗೇ ಬರೆದುಕೊಟ್ಟೆ. ಭಾಗವ್ವನಿಗೆ ಮಾತ್ರ ನಿಜ ಹೇಳಲಿಲ್ಲ. ಆಕೆಯ ಮಜ್ಜಿಗೆ ಕುಡಿದ ದಿನದ ದಿನಚರಿಯಲ್ಲಿ ನನ್ನದೇ ಅಕ್ಷರದಲ್ಲಿದೆ: ‘ಲಸಿಕೆ ಕಾರ್ಯ ಸುಸೂತ್ರ.’