ಅತ್ತೆಗೆ ಕೇಳದ ಗುಡುಗು

ಬ್ರಹ್ಮಾವರ ನನ್ನ ತವರು. ಮದುವೆಯಾಗಿ ಉಪ್ಪುಂದಕ್ಕೆ ಬಂದಾಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅತ್ತೆ ಸಿಗಡಿ ಒಣಗಿಸಿ ಮಾರುವವರು. ಒಳಗೆ ಅಡುಗೆ ಮಾಡುತ್ತಿದ್ದರೂ ಅವರ ಒಂದು ಕಿವಿ ಘಟ್ಟದ ಕಡೆಗೇ ಇರುತ್ತಿತ್ತು. ಮೇ ತಿಂಗಳ ಮಳೆ ನಮ್ಮಲ್ಲಿ ಆ ಕಡೆಯಿಂದಲೇ ಬರುವುದು. ದೂರದ ಗುಡುಗು ನನಗೆ ಕೇಳುವ ಮೊದಲೇ ಅವರು ಬುಟ್ಟಿ ಹಿಡಿದು ಅಂಗಳಕ್ಕೆ ಇಳಿದಿರುತ್ತಿದ್ದರು.

ಎರಡು ವರ್ಷದ ಹಿಂದಿನ ಬೇಸಗೆ ರಜೆ. ನಾನು ಅಡುಗೆಮನೆಯಲ್ಲಿ ಮಾವಿನಕಾಯಿ ಹೆಚ್ಚುತ್ತಿದ್ದೆ. ಮೋಡ ಕವಿದು ಎರಡು ಸಲ ಗುಡುಗಿತು. ಅತ್ತೆ ಜಗಲಿಯಲ್ಲಿದ್ದರು, ಅಂಗಳದಲ್ಲಿ ಒಣಹಾಕಿದ್ದ ಸಿಗಡಿ ಎತ್ತಿಕೊಂಡಾರು ಎಂದು ನಾನು ಏಳಲಿಲ್ಲ. ದಬದಬ ಮಳೆ ಸುರಿದಾಗ ಇಬ್ಬರೂ ಓಡಿದೆವು. ಅಷ್ಟರಲ್ಲಿ ಅರ್ಧ ಸಿಗಡಿ ನೆನೆದಿತ್ತು.

"ಮಳಿ ಬಪ್ಪುದ್ ಹೇಳುಕ್ ಆತಿಲ್ಯಾ ಹೆಣೆ?" ಎಂದು ಅತ್ತೆ ರೇಗಿದರು. ನಮ್ಮ ಕಡೆ 'ಹೆಣೆ' ಅಂದರೆ 'ಹುಡುಗಿ' ಎಂದು ಕರೆದ ಹಾಗೆ.

"ಎರಡ್ ಸಲ ಗುಡ್ಗಿತ್ ಅಲ್ದಾ ಅತ್ತೆ!"

"ಎಲ್ಲ್ ಗುಡ್ಗಿತ್? ಸುಮ್ನೆ ಹೇಳ್ಬೇಡ."

ನನಗೂ ಸಿಟ್ಟು ಬಂತು. ಜಗಲಿಯ ಎರಡು ಮೂಲೆಯಲ್ಲಿ ಇಬ್ಬರೂ ಮುಖ ಊದಿಸಿಕೊಂಡು ಕೂತೆವು. ಆಗ ತೆಂಗಿನ ತೋಟದ ಆಚೆ ಫಳಾರನೆ ಮಿಂಚಿತು. ಮೂರು ಎಣಿಸುವಷ್ಟರಲ್ಲಿ ಕಿಟಕಿಯ ಗಾಜು ಅದುರುವ ಹಾಗೆ ಗುಡುಗಿತು. ನಾನು ಬೆಚ್ಚಿದೆ. ಅತ್ತೆ ಆಕಾಶವನ್ನೇ ನೋಡುತ್ತಾ, ಮೆತ್ತಗಿನ ದನಿಯಲ್ಲಿ ಕೇಳಿದರು: "ಈಗಿನ್ ಮಿಂಚಿಗೆ ಗುಡ್ಗೇ ಇಲ್ಲೆ ಕಾಣ್. ಅದ್ ಎಂತಕೆ ಹಂಗೆ?"

ಗಾಜು ಅದುರಿಸಿದ ಆ ಸದ್ದು ಅವರಿಗೆ ಕೇಳಿರಲಿಲ್ಲ. ಅದನ್ನು ನೇರವಾಗಿ ಹೇಳಲಾರದೆ, ಹತ್ತಿರ ಹೋಗಿ ಕೂತು ಪಾಠವನ್ನೇ ಒಪ್ಪಿಸಿದೆ. ಮಿಂಚು ಹಾಯುವ ದಾರಿಯಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಾಳಿ ವಿಪರೀತ ಕಾಯುತ್ತದೆ. ಕಾದದ್ದು ಒಮ್ಮೆಲೇ ಉಬ್ಬಿ ಸುತ್ತಲಿನ ಗಾಳಿಯನ್ನು ತಳ್ಳುತ್ತದೆ. ಆ ಹೊಡೆತದ ಸದ್ದೇ ಗುಡುಗು. ಬೆಳಕು ಬೇಗ ಬರುತ್ತದೆ, ಸದ್ದು ಹಿಂದಿನಿಂದ ಬರುತ್ತದೆ. ಇಷ್ಟನ್ನು ಜೋರಾಗಿ, ನಿಧಾನಕ್ಕೆ ಹೇಳಿದೆ. ಅತ್ತೆ ನನ್ನ ತುಟಿಯನ್ನೇ ನೋಡುತ್ತಿದ್ದರು.

"ಕಾದ ಎಣ್ಣಿಗೆ ಹಸಿ ಮೀನ್ ಬಿಟ್ರೆ ಸಿಡಿತ್ತಲ್ದಾ, ಹಂಗಾ?"

"ಸುಮಾರ್ ಹಂಗೇ ಅತ್ತೆ."

"ಹಂಗಾರೆ ಮಿಂಚಿದ್ರೆ ಸದ್ದ್ ಇಪ್ಪುಕೇ ಬೇಕ್."

"ಹೌದ್."

ಅವರು ಮತ್ತೆ ಆಕಾಶದ ಕಡೆ ನೋಡಿದರು. "ಅದ್ ನಂಗೊಬ್ಳಿಗೇ ಕೇಂತಿಲ್ಲೆ ಅಲ್ದಾ?" ಎಂದರು. ನಾನು ತಲೆಯಾಡಿಸಿದೆ. "ನೀ ನನ್ ಹತ್ರ ಸಿಟ್ ಮಾಡ್ಕಂಡ್ ಮಾತ್ ಕಡ್ಮಿ ಮಾಡಿದ್ದಿ ಅಂದ್ಕಂಡಿದ್ದೆ ಹೆಣೆ. ನಾ ಕೇಂಡದ್ದಕ್ಕೆ ಉತ್ರವೇ ಬತ್ತಿರ್ಲಿಲ್ಲ."

ಎಷ್ಟು ದಿನದಿಂದ ಹಾಗೆ ಅಂದುಕೊಂಡಿದ್ದರೋ! ಅವರು ಉತ್ತರ ಕೊಡದಿದ್ದಾಗಲೆಲ್ಲ ನಾನೂ ಹಾಗೇ ಅಂದುಕೊಂಡಿದ್ದೆ. ಸಿಗಡಿ ವಾಸನೆಯ ಅವರ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡು ಕೂತೆ.

ಮರುವಾರ ಕುಂದಾಪುರದ ಕಿವಿ ಡಾಕ್ಟರ ಹತ್ತಿರ ಹೋದೆವು. ಪರೀಕ್ಷೆಯಾಗಿ, ಕಿವಿಗೊಂದು ಮಿಷನ್ ಬಂತು. ಅದನ್ನು ಹಾಕಿಕೊಂಡು ಬಸ್ಸಿನಲ್ಲಿ ಬರುವಾಗ ಅತ್ತೆ ಕಂಡಕ್ಟರನ ಸಿಳ್ಳೆಗೆಲ್ಲ ತಿರುಗಿ ನೋಡಿದರು. ನನ್ನ ಬಳೆಯ ಸದ್ದು ಕೇಳಿ, ಅದನ್ನು ಇನ್ನೊಮ್ಮೆ ಅಲ್ಲಾಡಿಸಲು ಹೇಳಿದರು.

ಅಕ್ಟೋಬರಿನ ಒಂದು ಸಂಜೆ ಮನೆಯ ಮೇಲೇ ಬಿದ್ದಂತೆ ಗುಡುಗಿತು. ಅತ್ತೆ ಹಾರಿಬಿದ್ದು ನನ್ನ ತೋಳು ಹಿಡಿದರು. "ಅಬ್ಬಬ್ಬಾ, ಇಷ್ಟ್ ಜೋರಾ ಇಪ್ಪುದ್!" ಎಂದು, ಮಿಷನ್ ತೆಗೆಯಲು ಕಿವಿಗೆ ಕೈಹಾಕಿದರು. ಮತ್ತೆ ಏನನ್ನಿಸಿತೋ, ಕೈ ಇಳಿಸಿದರು.

"ಬ್ಯಾಡ, ಇರ್ಲಿ. ನೀ ಎಂತಾರೂ ಮಾತಾಡ್."

ಆವತ್ತು ಶಾಲೆಯಲ್ಲಿ ನಡೆದದ್ದನ್ನೆಲ್ಲ ಮಳೆ ನಿಲ್ಲುವವರೆಗೂ ಹೇಳಿದೆ. ಅವರು ನಡುನಡುವೆ ನಕ್ಕರು.