ಸೀರೆಯ ಹಿಂದಿನ ದನಿ

ನನ್ನ ಗಂಡನ ವಿಡಿಯೊ ನೋಡದವರು ನಮ್ಮ ದೊಡ್ಡಬಳ್ಳಾಪುರದಲ್ಲಿ ಕಡಿಮೆ. ಆದರೆ ಅವರ ದನಿ ಹೇಗಿತ್ತು ಎಂದು ಕೇಳಿ ನೋಡಿ, ಒಬ್ಬರೂ ಸರಿಯಾಗಿ ಹೇಳಲಾರರು. ಹೇಳಹೋದವರೆಲ್ಲ ಗಂಟಲು ಕಿರಿದು ಮಾಡಿಕೊಂಡು, ಮೂಗಿನಲ್ಲಿ ಎಳೆದು, ‘ಲೋ ಮೊಮ್ಮಗನೇ, ತಲೆ ಒಂದೇ ಇರೋದು ಕಣೋ, ಇನ್ನೊಂದು ಅಂಗಡೀಲಿ ಸಿಗಲ್ಲ’ ಎನ್ನುತ್ತಾರೆ. ಅದು ಅವರ ದನಿಯಲ್ಲ, ಅಜ್ಜಿಯ ದನಿ. ಅಜ್ಜಿ ಎಂದರೆ ಗೊಂಬೆ, ನಾನೇ ಹೊಲಿದದ್ದು. ಅವರು ತೀರಿಕೊಂಡ ಮೇಲೂ ಆ ಗೊಂಬೆಯ ದನಿ ಊರೆಲ್ಲ ಓಡಾಡಿಕೊಂಡಿದೆ. ಅವರ ಸ್ವಂತ ದನಿ ಮಾತ್ರ ಎಲ್ಲಿಯೂ ಇರಲಿಲ್ಲ. ಅದನ್ನು ಇನ್ನೊಂದು ಸಲ ಕೇಳಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು.

ಅವರು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್ ಆಗಿದ್ದರು. ಒಂದು ವರ್ಷ ಅಲ್ಲಿ ಸುರಕ್ಷತಾ ಸಪ್ತಾಹ ಮಾಡಿದಾಗ, ಹೆಲ್ಮೆಟ್ ಬಗ್ಗೆ ನಾಲ್ಕು ಮಾತಾಡು ಎಂದು ಇವರ ತಲೆಗೆ ಕಟ್ಟಿದರು. ಮನೆಗೆ ಬಂದವರೇ ನನ್ನ ಹೊಲಿಗೆ ಮೆಷಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ‘ಭಾಷಣ ಮಾಡಿದ್ರೆ ಎಲ್ರೂ ಆಕಳಿಸ್ತಾರೆ ಕಣೇ. ಒಂದು ಗೊಂಬೆ ಹೊಲ್ಕೊಡು. ಅದು ಬೈಲಿ, ನಾನ್ಯಾಕೆ ಬೈಲಿ?’ ಎಂದರು.

ನಾನು ಬ್ಲೌಸ್ ಹೊಲಿಯುವವಳು, ಗೊಂಬೆ ಹೊಲಿದು ಗೊತ್ತಿಲ್ಲ. ‘ನನಗೇನು ಬೇರೆ ಕೆಲಸ ಇಲ್ವಾ?’ ಎಂದು ಗೊಣಗಿಕೊಂಡೇ ಶುರು ಮಾಡಿದೆ. ಅವರ ಒಂಟಿ ಕಾಲುಚೀಲ ಅಜ್ಜಿಯ ಮುಖವಾಯಿತು. ನಮ್ಮ ಬೀದಿಯಲ್ಲಿ ಮನೆಮನೆಗೂ ಪವರ್‌ಲೂಮ್ ಮಗ್ಗ, ಹಾಗಾಗಿ ಬಟ್ಟೆಗೇನೂ ಬರವಿಲ್ಲ. ಸೀರೆ ಸೆರಗಿನ ಚೂರು ತಂದು ಅಜ್ಜಿಗೆ ಉಡಿಸಿದೆ. ಮಗ್ಗದ ಕೆಳಗೆ ಬಿದ್ದಿದ್ದ ಬಿಳಿ ನೂಲೇ ಕೂದಲು, ಟಿಚ್ ಬಟನ್ನೇ ಕಣ್ಣು. ಎಲೆಅಡಿಕೆ ಹಾಕಿದ ಬಾಯಿ ಎಂದು ತೋರಲು ಕೆಂಪು ದಾರದಲ್ಲಿ ತುಟಿ ತುಂಬಿದೆ. ಹೆಲ್ಮೆಟ್ ಬೇಕಲ್ಲ, ಅರ್ಧ ತೆಂಗಿನ ಚಿಪ್ಪಿಗೆ ಎಲಾಸ್ಟಿಕ್ ಪಟ್ಟಿ ಕಟ್ಟಿದೆ. ಇವರು ಕೈ ತೂರಿಸಿ ಒಂದು ಸಲ ಬಾಯಿ ಆಡಿಸಿದರು ನೋಡಿ, ನನ್ನ ಹೊಲಿಗೆಯನ್ನೇ ಬೈಯಲು ಶುರು ಮಾಡಿತು ಮುದುಕಿ. ‘ಏನಮ್ಮ ಟೈಲರಮ್ಮ, ನನ್ನ ಬ್ಲೌಸಿಗೆ ಕೊಕ್ಕೆ ಇಡೋದು ಮರೆತ್ಯಾ?’ ನಾನು ನಕ್ಕು ನಕ್ಕು ಸೂಜಿ ಕಳೆದುಕೊಂಡೆ.

ಕಾರ್ಖಾನೆಯಲ್ಲಿ ಅಜ್ಜಿಗೆ ಸಿಕ್ಕ ನಗು ನೋಡಿ, ಇದನ್ನು ಮೊಬೈಲಿಗೆ ಹಾಕೋಣ ಎಂದು ಕಾಲೇಜಿಗೆ ಹೋಗುವ ನಮ್ಮ ಮಗಳು ಹಠ ಹಿಡಿದಳು. ಹಾಗೆ ಶುರುವಾಯಿತು. ಅಜ್ಜಿಯ ಜೊತೆಗೆ ಒಬ್ಬ ಮೊಮ್ಮಗನನ್ನೂ ಹೊಲಿದೆ; ಬುದ್ಧಿ ಸ್ವಲ್ಪ ಕಡಿಮೆ, ಜಂಬ ಜಾಸ್ತಿ. ಬಲಗೈಯಲ್ಲಿ ಅಜ್ಜಿ, ಎಡಗೈಯಲ್ಲಿ ಮೊಮ್ಮಗ. ನನ್ನದೊಂದು ಹಳೇ ಸೀರೆಯನ್ನು ಬಟ್ಟೆ ಒಣಗಿಸುವ ತಂತಿಗೆ ಇಳಿಬಿಟ್ಟು, ಅದರ ಹಿಂದೆ ಸಣ್ಣ ಸ್ಟೂಲಿನ ಮೇಲೆ ಇವರು ಕೂರುತ್ತಿದ್ದರು. ಫೋನು ಹಿಡಿಯುವವಳು ನಾನು. ವೇಲು ಚಕ್ರಕ್ಕೆ ಸಿಕ್ಕಿಕೊಳ್ಳುವುದು, ಒದ್ದೆ ಕೈಯಲ್ಲಿ ಪಂಪಿನ ಸ್ಟಾರ್ಟರ್ ಮುಟ್ಟುವುದು, ಗೇಟು ಹಾಕಿದ್ದರೂ ಬಗ್ಗಿ ರೈಲು ಹಳಿ ದಾಟುವುದು, ಒಂದು ಬೈಕಿನ ಮೇಲೆ ಇಡೀ ಸಂಸಾರ ಕೂರುವುದು, ಯಾವುದನ್ನೂ ಅಜ್ಜಿ ಬಿಡಲಿಲ್ಲ. ಗ್ಯಾಸ್ ಸೋರುವುದರ ಬಗ್ಗೆ ಮಾಡಿದ್ದು ಎಲ್ಲಕ್ಕಿಂತ ಹೆಚ್ಚು ಓಡಿತು. ಗ್ಯಾಸ್ ಎಲ್ಲಿ ಸೋರುತ್ತಿದೆ ಎಂದು ನೋಡಲು ಮೊಮ್ಮಗ ಬೆಂಕಿಕಡ್ಡಿ ಗೀರಲು ಹೋಗುತ್ತಾನೆ. ಅಜ್ಜಿ ಅವನ ತಲೆಗೊಂದು ಕೊಟ್ಟು, ‘ಗ್ಯಾಸ್ ಹುಡುಕೋಕೆ ಕಡ್ಡಿ ಗೀರ್ತೀಯಲ್ಲೋ, ಆಮೇಲೆ ನಿನ್ನ ಹುಡುಕೋಕೆ ನಾನೇನ್ ಗೀರ್ಲಿ?’ ಎನ್ನುತ್ತಾಳೆ. ಆಮೇಲೆ ರೆಗ್ಯುಲೇಟರ್ ಬಂದ್ ಮಾಡು, ಕಿಟಕಿ ತೆಗಿ, ಸ್ವಿಚ್ ಮುಟ್ಟಬೇಡ, ಆಚೆ ಬಾ ಎಂದು ಒಂದೊಂದಾಗಿ ಮಾಡಿಸುತ್ತಾಳೆ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡಿ, ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ ಎಂದು ನಾನು ಜಗಳ ಕಾಯುತ್ತಿದ್ದೆ. ಅವರು ಒಪ್ಪುತ್ತಿರಲಿಲ್ಲ. ‘ಮೊದ್ಲು ನಗ್ಲಿ ಕಣೇ. ನಕ್ಕಾಗ ಬಾಯಿ ತೆಗೀತಾರಲ್ಲ, ಆವಾಗ ಮಾತ್ರೆ ಹಾಕ್ಬಿಡಣ.’ ಒಂದು ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬಳು ಹುಡುಗಿ ಸ್ಕೂಟರಿನ ಹಿಂದೆ ಕೂರುವ ಮೊದಲು ವೇಲನ್ನು ಎಳೆದು ಸೊಂಟಕ್ಕೆ ಬಿಗಿದುಕೊಂಡು, ‘ಇಲ್ದಿದ್ರೆ ಅಜ್ಜಿ ಬೈತಾಳೆ’ ಎಂದು ನಗುತ್ತಿದ್ದಳು. ಪಕ್ಕದಲ್ಲೇ ನಿಂತಿದ್ದ ಇವರು ಯಾರೋ ಏನೋ ಎಂಬಂತೆ ಸುಮ್ಮನಿದ್ದರು. ಮನೆಗೆ ಬಂದ ಮೇಲೆ ಮಾತ್ರ ಅದನ್ನೇ ಹೇಳಿದ್ದು, ಹೇಳಿದ್ದು, ಮುದ್ದೆ ಆರಿ ಹೋಗುವವರೆಗೆ ಹೇಳಿದ್ದು.

ನಮ್ಮ ಚಿತ್ರೀಕರಣಕ್ಕೆ ಮುಹೂರ್ತ ಇಡುತ್ತಿದ್ದುದು ವಿದ್ಯುತ್ ಇಲಾಖೆಯವರು. ಬೀದಿ ತುಂಬ ಮಗ್ಗಗಳ ಟಕಟಕ. ಅದರ ನಡುವೆ ಅಜ್ಜಿ ಎಷ್ಟು ಕಿರುಚಿದರೂ ಕೇಳುವುದಿಲ್ಲ. ಕರೆಂಟು ಹೋದರೆ ಮಾತ್ರ ಎಲ್ಲ ಮಗ್ಗವೂ ಒಟ್ಟಿಗೆ ನಿಂತು ಬೀದಿ ಥಟ್ಟನೆ ಮೌನವಾಗುತ್ತದೆ. ಊರೆಲ್ಲ ಶಾಪ ಹಾಕುವ ಹೊತ್ತಿಗೆ ನಮ್ಮ ಮನೆಯಲ್ಲಿ ಸಂಭ್ರಮ. ‘ಹೋಯ್ತು, ಹೋಯ್ತು, ಬಾ ಬಾ’ ಎಂದು ಅವರು ಗೊಂಬೆ ಹಿಡಿದು ಓಡುತ್ತಿದ್ದರು. ಉಣ್ಣುತ್ತಿದ್ದರೆ ಎಡಗೈಯಲ್ಲೇ ಸೀರೆ ಕಟ್ಟಿ ಕೂತದ್ದೂ ಉಂಟು. ಕರೆಂಟು ಬರುವುದರೊಳಗೆ ಮುಗಿಸಬೇಕು, ಬಂದುಬಿಟ್ಟರೆ ಅಜ್ಜಿಯ ಬಾಯಿ ಅರ್ಧಕ್ಕೇ ಬಂದ್.

ಇನ್ನೊಂದು ವಿಚಿತ್ರ ಇತ್ತು. ಗೊಂಬೆ ಕೈಗೆ ಏರಿತೆಂದರೆ ಅವರ ಬಾಯಲ್ಲಿ ಅವರ ದನಿ ಬರುತ್ತಲೇ ಇರಲಿಲ್ಲ. ಮಾತು ತಪ್ಪಿದರೆ ತಮ್ಮನ್ನು ತಾವು ಬೈದುಕೊಳ್ಳುವುದೂ ಅಜ್ಜಿಯ ದನಿಯಲ್ಲೇ. ನೀರು ಕೇಳುವುದೂ ಅಜ್ಜಿಯೇ, ‘ಫೋನ್ ನೆಟ್ಟಗೆ ಹಿಡಿಯೇ ಮೂದೇವಿ’ ಎನ್ನುವುದೂ ಅಜ್ಜಿಯೇ. ಮಧ್ಯದಲ್ಲಿ ಬಿಟ್ಟರೆ ಮುದುಕಿ ಮುನಿಸಿಕೊಂಡು ಮತ್ತೆ ಬರುವುದಿಲ್ಲ ಎಂದು ನಂಬಿದ್ದರು. ಒಂದು ಸಲವಾದರೂ ಮುಖ ತೋರಿಸಿ, ಇದನ್ನು ಮಾಡಿದವನು ನಾನು ಎಂದು ಹೇಳಿ ಎಂದರೆ, ‘ನನ್ನ ಮೋರೆ ಯಾರಿಗ್ ಬೇಕು? ಅಜ್ಜಿ ಚೆನ್ನಾಗಿದ್ದಾಳೆ, ಸಾಕು’ ಎಂದುಬಿಡುತ್ತಿದ್ದರು.

ಒಂದು ಬೆಳಿಗ್ಗೆ ಫಸ್ಟ್ ಶಿಫ್ಟಿಗೆ ಹೊರಟವರು ಶೂ ಹಾಕಿಕೊಳ್ಳಲು ಬಗ್ಗಿದರು. ಹಾಗೆಯೇ ಬಾಗಿಲಿಗೆ ಒರಗಿದರು. ಹೃದಯಾಘಾತ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಮಾತಾಡಿಸಲು ಬಂದವರಿಗೆ ನನ್ನ ಕಣ್ಣೀರಿಗಿಂತ ಬೇರೆಯದರ ಬಗ್ಗೆ ಕುತೂಹಲ. ‘ಗಾಡೀಲಾ? ಹೆಲ್ಮೆಟ್ ಹಾಕಿರ್ಲಿಲ್ವಾ?’ ಎಂದು ಮೆಲ್ಲಗೆ ಕೇಳುತ್ತಿದ್ದರು. ಇಲ್ಲ, ಮನೆಯಲ್ಲೇ ಹಾರ್ಟು ಎಂದರೆ ಕೆಲವರಿಗೆ ನಿರಾಸೆಯೇ ಆಯಿತೇನೋ. ಒಬ್ಬ ಮಹಾನುಭಾವರಂತೂ, ‘ಊರಿಗೆಲ್ಲ ಬುದ್ಧಿ ಹೇಳ್ತಿದ್ರು, ಪಾಪ, ಬಿಪಿ ಚೆಕ್ ಮಾಡಿಸ್ಕೋಬಾರ್ದಿತ್ತಾ?’ ಎಂದರು. ಅವರಿಗೆ ಕಾಫಿ ಕೊಡದೆ ಕಳಿಸಿದೆ. ಇವತ್ತಿಗೂ ಅದಕ್ಕೆ ನನಗೆ ಬೇಸರವಿಲ್ಲ.

ತಿಥಿಯ ಕೆಲಸವೆಲ್ಲ ಮುಗಿದು, ನೆಂಟರೆಲ್ಲ ಹೋದ ಮೇಲೆ ನನಗೆ ಅವರ ದನಿ ಬೇಕೆನಿಸಿತು. ಫೋಟೊ ಇದ್ದವು, ಷರ್ಟುಗಳಿದ್ದವು, ಅವು ಸಾಲಲಿಲ್ಲ. ಸಂಜೆ ಬಂದು ಗಾಡಿಯ ಸ್ಟ್ಯಾಂಡ್ ಹಾಕುತ್ತಲೇ, ‘ಏನ್ ಮಾಡ್ತಿದ್ದೀಯಾ?’ ಎನ್ನುತ್ತಿದ್ದರಲ್ಲ, ಸ್ವಲ್ಪ ಒರಟು, ಕೊನೆಯಲ್ಲಿ ಸ್ವಲ್ಪ ಎಳೆತ, ಆ ದನಿ ಬೇಕಿತ್ತು. ಅಷ್ಟೊಂದು ವಿಡಿಯೊ ಮಾಡಿದ ಮನುಷ್ಯ, ಎಲ್ಲಾದರೂ ಒಂದು ಮಾತು ಸಿಗದೇ ಇರುತ್ತದೆಯೇ ಎಂದುಕೊಂಡೆ. ಒಂದೊಂದನ್ನೂ ಹಾಕಿ ನೋಡಿದೆ. ಎಲ್ಲದರಲ್ಲೂ ಅಜ್ಜಿ, ಇಲ್ಲವೇ ಮೊಮ್ಮಗ. ಕೆಟ್ಟುಹೋದ ತುಣುಕುಗಳಲ್ಲಿ ಅಪ್ಪಿತಪ್ಪಿ ಒಂದು ಮಾತು ಇರಬಹುದಿತ್ತು, ಆದರೆ ನನ್ನ ಫೋನಿನ ಹೊಟ್ಟೆ ಚಿಕ್ಕದು. ಅವನ್ನೆಲ್ಲ ಅವತ್ತವತ್ತೇ ಅಳಿಸದಿದ್ದರೆ ಮರುದಿನಕ್ಕೆ ಜಾಗವಿರುತ್ತಿರಲಿಲ್ಲ. ವಾಯ್ಸ್ ಮೆಸೇಜು ಕಳಿಸುವ ಅಭ್ಯಾಸ ಅವರಿಗಿರಲಿಲ್ಲ, ಏನಿದ್ದರೂ ನೇರ ಕರೆ. ಮದುವೆಯ ಸಿ.ಡಿ. ಹಾಕಿಸಿದೆ. ಅದರಲ್ಲಿ ವಿಡಿಯೊದವನು ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡು ಮೆತ್ತಿದ್ದಾನೆ. ಧಾರೆಯ ಹೊತ್ತಿನಲ್ಲಿ ಅವರು ನನ್ನ ಕಡೆ ಬಾಗಿ ಏನೋ ಹೇಳುತ್ತಾರೆ, ನಾನು ನಗುತ್ತೇನೆ. ಏನು ಹೇಳಿದರೋ ನನಗೂ ನೆನಪಿಲ್ಲ, ಹಾಡು ಮಾತ್ರ ಜೋರಾಗಿ ಕೇಳುತ್ತದೆ.

ಮಗಳು ನನ್ನ ಕಷ್ಟ ನೋಡಲಾರದೆ ಒಂದು ಉಪಾಯ ಮಾಡಿದಳು. ‘ಅಮ್ಮ, ಅಜ್ಜಿ ದನೀನ ಆ್ಯಪಲ್ಲಿ ಕೆಳಗಿಳಿಸಿ ದಪ್ಪ ಮಾಡಿದ್ರೆ ಅಪ್ಪನ ದನಿ ಬಂದ್ರೂ ಬರ್ಬೋದು’ ಎಂದಳು. ಇಬ್ಬರೂ ಮಂಚದ ಮೇಲೆ ಕೂತು ಉಸಿರು ಹಿಡಿದು ಕೇಳಿದೆವು. ಬಂದದ್ದು ನಾಟಕದ ಕಂಪನಿಯ ರಾಕ್ಷಸನ ದನಿ. ‘ತಲೆ ಒಂದೇ ಇರೋದು ಕಣೋ’ ಎಂದು ಆ ರಾಕ್ಷಸ ಅಬ್ಬರಿಸಿದಾಗ ನನಗೆ ನಗು ತಡೆಯಲಾಗಲಿಲ್ಲ. ಮಗಳೂ ನಕ್ಕಳು. ನಗುತ್ತಿದ್ದವಳು ಇದ್ದಕ್ಕಿದ್ದ ಹಾಗೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು.

ಕರೆಂಟು ಹೋದಾಗ ನನಗೆ ಎಲ್ಲಕ್ಕಿಂತ ಹೆಚ್ಚು ಕಷ್ಟವಾಗುತ್ತಿತ್ತು. ಮಗ್ಗಗಳು ನಿಂತ ತಕ್ಷಣ ಹೊಲಿಗೆ ಬಿಟ್ಟು ಎದ್ದು ನಿಲ್ಲುತ್ತಿದ್ದೆ. ಫೋನು ಕೈಯಲ್ಲಿರುತ್ತಿತ್ತು. ಬೀದಿಯಲ್ಲಿ ಇಷ್ಟು ಮೌನವಿದೆ, ಮಾತಾಡುವವರಿಲ್ಲ. ಆ ಮೌನ ಅವರಿಗಾಗಿಯೇ ಬರುತ್ತಿತ್ತು ಎಂದು ನನ್ನ ಮನಸ್ಸು ರೂಢಿ ಮಾಡಿಕೊಂಡುಬಿಟ್ಟಿತ್ತು. ಮತ್ತೆ ಟಕಟಕ ಶುರುವಾದ ಮೇಲೆ ಸಮಾಧಾನವಾಗಿ ಕೂತು ಕೊಕ್ಕೆ ಇಡುತ್ತಿದ್ದೆ.

ಕಂಡವರನ್ನೆಲ್ಲ ಕೇಳಿದೆ. ‘ಅವರು ಮಾತಾಡಿರೋ ವಿಡಿಯೊ ಏನಾದ್ರೂ ಇದ್ಯಾ?’ ಕಾರ್ಖಾನೆಯ ಗೆಳೆಯರು ಹುಡುಕಿ ಹುಡುಕಿ ಅಜ್ಜಿಯನ್ನೇ ಕಳಿಸಿದರು. ಸಮೇತನಹಳ್ಳಿಯಲ್ಲಿರುವ ನಮ್ಮ ಅಕ್ಕನನ್ನೂ ಕೇಳಿದ್ದೆ. ‘ನಿಮ್ಮನೆಯವರದಾ? ನನ್ ಹತ್ರ ಒಂದೂ ಇಲ್ಲ ಕಣೇ’ ಎಂದಿದ್ದಳು ಪಾಪ. ಬರಬರುತ್ತಾ ನನಗೆ ಹೊಸ ಭಯ ಹಿಡಿಯಿತು. ನೆನಪಿನಲ್ಲಿ ಅವರನ್ನು ಮಾತಾಡಿಸಲು ಹೋದರೆ ಅಜ್ಜಿ ಬಂದು ಬಾಯಿ ಹಾಕುತ್ತಿದ್ದಳು. ನನ್ನ ಕೈಯಾರೆ ಹೊಲಿದ ಮುದುಕಿಯ ಮೇಲೆ ನನಗೆ ಸವತಿಯ ಮೇಲೆ ಬರುವಂಥ ಸಿಟ್ಟು ಬಂತು. ತೆಂಗಿನ ಚಿಪ್ಪಿನ ಸಮೇತ ಅವಳನ್ನು ಅಟ್ಟಕ್ಕೆ ಎಸೆದೆ.

ಈ ಸಲ ಅವರೆಕಾಯಿ ಕಾಲಕ್ಕೆ ಅಕ್ಕ ಒತ್ತಾಯ ಮಾಡಿ ಊರಿಗೆ ಕರೆಸಿಕೊಂಡಳು. ಮಧ್ಯಾಹ್ನದ ಬಿಸಿಲಿಗೆ ಬೆನ್ನು ಕೊಟ್ಟು ಜಗುಲಿಯ ಮೇಲೆ ಕಾಯಿ ಬಿಡಿಸುತ್ತಿದ್ದೆವು, ಪಕ್ಕದ ಮನೆಯ ಹೆಂಗಸರೂ ಬಂದು ಕೂತಿದ್ದರು. ಅಂಗಳದಲ್ಲಿ ಹೊಸದಾಗಿ ಸಂಪು ತೋಡಿಸಿದ್ದರು, ಅದರ ಮುಚ್ಚಳ ವಾರೆಯಾಗಿತ್ತು. ನಾನು ಎದ್ದು ಹೋಗಿ ಸರಿಯಾಗಿ ಮುಚ್ಚಿ ಬಂದೆ. ಅಕ್ಕ ನಗಲು ಶುರು ಮಾಡಿದಳು. ‘ನೀನು ಮುಚ್ದೇ ಇರ್ತೀಯಾ? ಸಂಪಿಗೆ ಬೀಳೋಕೆ ಹೋದೋಳಲ್ವಾ ನೀನು! ಅವತ್ತು ಕಳಿಸಿದ್ಯಲ್ಲ ವಿಡಿಯೊ, ಈಗ್ಲೂ ನೋಡಿದ್ರೆ ನಗು ಬರುತ್ತೆ.’

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಆ ದಿನ ನಾವು ಸಂಪಿನ ಮುಚ್ಚಳ ಮುಚ್ಚಿಡಿ ಎಂದು ವಿಡಿಯೊ ಮಾಡಲು ಹೊರಟಿದ್ದೆವು. ಅದಕ್ಕಾಗಿ ಮನೆಯ ಮುಂದಿನ ಸಂಪಿನ ಮುಚ್ಚಳವನ್ನು ನಾವೇ ತೆಗೆದು, ಒಳಗಿನ ನೀರಿನ ಚಿತ್ರ ಮೊದಲು ತೆಗೆದುಕೊಂಡು, ಮುಚ್ಚುವುದನ್ನು ಮರೆತು, ಸೀರೆಯ ಕಡೆಗೆ ತಿರುಗಿದ್ದೆವು. ಎರಡು ಗೊಂಬೆಯೂ ಚಿತ್ರದಲ್ಲಿ ಬರಬೇಕು ಎಂದು ನಾನು ಫೋನು ನೋಡಿಕೊಂಡು ಸಂಪಿನ ಕಡೆಗೇ ಹಿಂದೆ ಹಿಂದೆ ಸರಿದೆ. ತೆಳು ಸೀರೆಯ ಹಿಂದಿನಿಂದ ಇವರಿಗೆ ಕಂಡಿತು. ಸೀರೆ, ತಂತಿ ಎಲ್ಲ ಕಿತ್ತುಕೊಂಡು ಓಡಿಬಂದು ಎರಡೂ ಕೈಯ ಗೊಂಬೆಯಲ್ಲೇ ನನ್ನ ತೋಳು ಹಿಡಿದರು, ಬಲಗಡೆ ಅಜ್ಜಿ ಕಚ್ಚಿಕೊಂಡಿದ್ದಳು. ಆಮೇಲೆ ನಕ್ಕು ಸುಸ್ತಾಗಿ ಅದನ್ನು ಅಕ್ಕನಿಗೆ ಕಳಿಸಿ, ನನ್ನ ಫೋನಿನಿಂದ ಎಂದಿನಂತೆ ಅಳಿಸಿದ್ದೆ. ಇವರು ಅದರಲ್ಲಿ ಕಾಣುವುದೇ ಇಲ್ಲವಾದ್ದರಿಂದ, ಅಕ್ಕನ ಲೆಕ್ಕದಲ್ಲಿ ಅದು ನಾನು ಬೀಳಹೋದ ವಿಡಿಯೊ, ಅವರದಲ್ಲ.

‘ಹಾಕಕ್ಕ’ ಎಂದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, ಶುಭೋದಯದ ಹೂವುಗಳನ್ನೆಲ್ಲ ಸರಿಸಿ ಸರಿಸಿ ಅದನ್ನು ಹುಡುಕಿದಳು. ಮೊದಲು ಅಜ್ಜಿಯೇ ಬಂದಳು. ‘ಇದೇನೋ ಮೊಮ್ಮಗನೇ, ಮನೆ ಮುಂದೆ ಬಾವಿ ತೆಗೆದು ಬಾಯಿ ಬಿಟ್ಟು ಮಲಗ್ಸಿದ್ದೀಯಾ?’ ಎಂದಳು. ಚಿತ್ರ ಅಲ್ಲಾಡಿತು. ಅಜ್ಜಿಯ ಮಾತು ಅರ್ಧಕ್ಕೆ ನಿಂತಿತು. ಒಬ್ಬ ಗಂಡಸು ಎದೆ ಒಡೆಯುವ ಹಾಗೆ ಕೂಗಿದ. ಆಕಾಶ ಕಂಡಿತು, ತಂತಿ ಬಿದ್ದ ಸದ್ದಾಯಿತು. ‘ಹಿಂದೆ ನೋಡ್ಬಾರ್ದಾ? ನಿನಗೇನಾದ್ರೂ ಆಗಿದ್ದಿದ್ರೆ?’ ಎಂದು ಏದುಸಿರಿನಲ್ಲಿ ಅದೇ ಒರಟು ದನಿ, ಕೊನೆಯಲ್ಲಿ ಅದೇ ಎಳೆತ.

ನಮ್ಮ ಮನೆಗಳಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. ಅವರಿಗೆ ನಾನು ‘ಏಯ್’, ‘ಇವಳೇ’, ಮಗಳ ಹತ್ತಿರ ಹೇಳುವಾಗ ‘ನಿಮ್ಮಮ್ಮ’. ಅವರ ಬಾಯಲ್ಲಿ ನನ್ನ ಹೆಸರು ಕೇಳಿದ ನೆನಪೇ ನನಗಿರಲಿಲ್ಲ. ಆದರೆ ಆ ಕೂಗಿನಲ್ಲಿ ಇದ್ದದ್ದು ಅದೊಂದೇ, ನನ್ನ ಹೆಸರು. ಅವತ್ತಿನ ಗಾಬರಿಯಲ್ಲಿ, ಆಮೇಲಿನ ನಗುವಿನಲ್ಲಿ ನನಗದು ಕೇಳಿಸಿಯೇ ಇರಲಿಲ್ಲ.

‘ಇನ್ನೊಂದ್ ಸಲ ಹಾಕು’ ಎಂದೆ. ಅಕ್ಕ ಈಗ ನಗುತ್ತಿರಲಿಲ್ಲ. ಫೋನನ್ನು ನನ್ನ ಕೈಗೇ ಕೊಟ್ಟಳು. ಅಜ್ಜಿ ಬೈದಳು, ಚಿತ್ರ ಅಲ್ಲಾಡಿತು, ಅವರು ನನ್ನನ್ನು ಕರೆದರು. ಜಗುಲಿಯ ಮೇಲೆ ಅಷ್ಟು ಜನ ಇದ್ದಾರೆ ಎನ್ನುವುದೂ ಮರೆತು ನಾನು, ‘ಏನ್ರೀ?’ ಎಂದೆ.