ಹೆಸರು ಕತ್ತರಿಸಿದ ಮಾತ್ರೆಗಳು

ಔಷಧಿ ಅಂಗಡಿಯಲ್ಲಿ ನಾಲ್ಕೇ ಮಾತ್ರೆ ಸಾಕೆಂದರೆ ಪಟ್ಟಿಯನ್ನು ಕಚಕ್ಕನೆ ಕತ್ತರಿಸಿ ಕೊಡುತ್ತಾರಷ್ಟೆ. ಆ ತುಂಡಿನಲ್ಲಿ ಮಾತ್ರೆಯ ಹೆಸರು ಪೂರ್ತಿ ಉಳಿದದ್ದನ್ನು ನೀವು ಎಂದಾದರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಹೆಸರಿನ ಬಾಲ ನಮ್ಮ ಮನೆಗೆ ಬಂದರೆ ತಲೆ ಇನ್ನಾರದೋ ಮನೆ ಸೇರಿರುತ್ತದೆ. ಹೀಗೆ ಅನಾಮಧೇಯರಾದ ಮಾತ್ರೆಗಳಿಗೆಲ್ಲ ಹಿರಿಯೂರಿನ ನಮ್ಮ ಮನೆಯ ಫ್ರಿಜ್ಜಿನ ಮೇಲಿದ್ದ ನೀಲಿ ಬಿಸ್ಕತ್ ಡಬ್ಬಿಯೇ ಅನಾಥಾಶ್ರಮ. ನಾನೇ ಅದರ ಆಜೀವ ಅಧ್ಯಕ್ಷ.

ಹಾಗೆಂದು ನನ್ನನ್ನು ವೈದ್ಯನೆಂದು ಭಾವಿಸಬೇಡಿ. ಏಳನೇ ತರಗತಿಗೇ ಶಾಲೆಗೆ ಕೈಮುಗಿದು ಸೂಜಿ ಹಿಡಿದ ನಾನು ಹೆದ್ದಾರಿಯ ಬದಿಯಲ್ಲಿ ಲಾರಿಗಳ ಸೀಟು ಹೊಲಿಯುವವನು. ನನ್ನ ಸೀಟಿನ ಮೇಲೆ ಕೂತು ಮುಂಬೈವರೆಗೆ ಹೋಗಿಬಂದ ಚಾಲಕರ ಬೆನ್ನು ಇಂದಿಗೂ ನೆಟ್ಟಗಿದೆ ಎಂಬುದು ನನ್ನ ಹೆಮ್ಮೆ. ಬೆನ್ನಿನ ವಿಷಯದಲ್ಲಿ ಗಳಿಸಿದ ಈ ಖ್ಯಾತಿ, ಡಬ್ಬಿಯ ಕೃಪೆಯಿಂದ, ಮೆಲ್ಲಗೆ ಮಂಡಿ, ಹಲ್ಲು, ಹೊಟ್ಟೆಗಳಿಗೂ ವಿಸ್ತರಿಸಿತು. ಎದುರುಮನೆಯ ತಿಪ್ಪಮ್ಮಜ್ಜಿ ಬಾಗಿಲಲ್ಲಿ ನಿಂತು, “ಮೊನ್ನೆ ಕೊಟ್ಯಲ್ಲ, ಆ ಕೆಂಪಂದು ಐತೇನಪ್ಪ?” ಎಂದು ಕೈಚಾಚಿದರೆ ಇಲ್ಲವೆನ್ನಲು ನನಗೆ ನಾಲಿಗೆ ಏಳದು. ಆದರೆ ವಿವೇಕವನ್ನು ಎಂದೂ ಬಿಟ್ಟವನಲ್ಲ: ಯಾವ ಮಾತ್ರೆಯೇ ಆಗಲಿ, ರೆಕ್ಸಿನ್ ಕೊಯ್ಯುವ ಬ್ಲೇಡಿನಿಂದ ಎರಡು ಹೋಳು ಮಾಡಿ ಅರ್ಧವನ್ನಷ್ಟೇ ದಯಪಾಲಿಸುತ್ತಿದ್ದೆ.

ಹೀಗಿರುವಾಗ, ಪಿಯುಸಿ ಮುಗಿಸಿದ ಮಗಳು ಗೀತಾ, ತಾನು ಚಿತ್ರದುರ್ಗದಲ್ಲಿ ಬಿ.ಫಾರ್ಮ ಓದುವುದಾಗಿ ಘೋಷಿಸಿದಳು. ಯಾಕೆಂದು ಕೇಳಿದರೆ ಬಾಯಿ ಬಿಡಲೊಲ್ಲಳು. ಕಾರಣಗಳನ್ನು ಬೀದಿಯೇ ಒದಗಿಸಿತು. ಬಿಳಿ ಕೋಟು ಹುಡುಗಿಯ ಮೈಬಣ್ಣಕ್ಕೆ ಒಪ್ಪುತ್ತದೆ ಎಂಬುದು ನನ್ನ ಹೆಂಡತಿಯ ವಾದ. ತೆಂಗಿನಕಾಯಿ ಮಂಡಿಯ ರಹಮತ್ ಸಾಬರದು ಶುದ್ಧ ವ್ಯಾಪಾರದ ದೃಷ್ಟಿ: “ಬಸ್ ಸ್ಟ್ಯಾಂಡ್ ಮುಂದೆ ಒಂದು ಮೆಡಿಕಲ್ ಹಾಕ್ಕೊಡ್ರಿ ಉಸ್ತಾದ್. ಕಾಯಿ ರೇಟು ಬಿದ್ರೂ ಜನ ಕೆಮ್ಮೋದು ಬಿಡಲ್ಲ.” ತಿಪ್ಪಮ್ಮಜ್ಜಿ ಇನ್ನೂ ಮುಂದೆ ಹೋದಳು. “ಓದ್ಲಿ ಬಿಡಪ್ಪ. ಇನ್ಮೇಲಾದ್ರೂ ನಂಗೆ ಇಡೀ ಮಾತ್ರೆ ಸಿಗ್ತೈತೆ.”

ನಿಜವಾದ ಕಾರಣ ನಾನೇ ಇರಬೇಕೆಂದು ಒಳಗೊಳಗೇ ನನಗೆ ಅನುಮಾನ. ಹಗಲಿಡೀ ಬಗ್ಗಿ ದುಡಿಯುವ ತಂದೆಯನ್ನು ಕಂಡು ಮಗಳು ಸ್ಫೂರ್ತಿ ಪಡೆಯದೆ ಇರುತ್ತಾಳೆಯೇ?

ಕಾಲೇಜಿನಲ್ಲಿ ಉಳಿದಿದ್ದು ಬೆರಳೆಣಿಕೆಯ ಸೀಟುಗಳು. ಪ್ರಾಂಶುಪಾಲರು ಎದುರು ಕೂರಿಸಿ ಮಾತಾಡಿಸಿದ ಮೇಲೇ ಸೇರಿಸಿಕೊಳ್ಳುವುದು. ಬಸ್ಸು ದುರ್ಗದ ಬಂಡೆಗಳ ಕಡೆ ಸಾಗುವಷ್ಟು ಹೊತ್ತೂ ಗೀತಾ ದುಪಟ್ಟಾದ ಅಂಚನ್ನು ಸುರುಳಿ ಸುತ್ತುತ್ತಲೇ ಇದ್ದಳು. “ಸಿಗ್ದಿದ್ರೆ ಬೇರೆ ಏನಾದ್ರೂ ಓದಿದ್ರಾಯ್ತು ಬಿಡವ್ವ” ಎಂದೆ. “ಬೇರೆ ಏನೂ ಬ್ಯಾಡ ಅಪ್ಪ” ಎಂದವಳ ದನಿ ಒಡೆದಿತ್ತು.

ದಪ್ಪ ಕನ್ನಡಕದ ಪ್ರಾಂಶುಪಾಲೆ ಕೇಳಿದ್ದು ಅದನ್ನೇ: “ಫಾರ್ಮಸಿನೇ ಯಾಕಮ್ಮ?”

“ನಮ್ಮಪ್ಪನಿಂದ ಮೇಡಂ.”

ಪಕ್ಕದ ಕುರ್ಚಿಯಲ್ಲಿದ್ದ ನಾನು ಎದೆ ಸೆಟೆಸಿ ಕೂತೆ. ಕುರ್ಚಿಯ ಹೊಲಿಗೆ ಕಳಪೆಯದಾಗಿದ್ದರೂ ಆ ಕ್ಷಣದಲ್ಲಿ ಅದನ್ನು ಕ್ಷಮಿಸಿದೆ.

“ನಮ್ಮನೇಲಿ ಒಂದು ಡಬ್ಬಿ ಐತೆ ಮೇಡಂ. ಯಾವ ಮಾತ್ರೆಗೂ ಹೆಸರಿಲ್ಲ. ಅಪ್ಪ ಬಣ್ಣ ನೋಡಿ, ಅರ್ಧ ಮಾಡಿ, ಬೀದಿಗೆಲ್ಲ ಕೊಡ್ತಾರೆ.”

ಎದೆ ಯಥಾಸ್ಥಾನಕ್ಕೆ ಮರಳಿತು. ಪ್ರಾಂಶುಪಾಲೆ ನನ್ನತ್ತ ತಿರುಗಿದರು. “ಅರ್ಧ ಯಾಕ್ರಿ?”

“ಹೆಚ್ಚುಕಮ್ಮಿ ಆದ್ರೂ ಅರ್ಧವೇ ಆಗ್ಲಿ ಅಂತ ಮೇಡಂ.”

ಅವರು ಕನ್ನಡಕ ತೆಗೆದು ನಕ್ಕರು. ಗೀತಾ ನಗಲಿಲ್ಲ.

“ಅಪ್ಪ ಕೊಟ್ರೆ ಜನ ಏನು ಅಂತಾನೂ ಕೇಳಲ್ಲ ಮೇಡಂ, ನುಂಗ್ತಾರೆ. ಅಷ್ಟು ನಂಬ್ತಾರೆ. ಅಷ್ಟು ನಂಬೋರು ಬಾಗಿಲಿಗೆ ಬಂದಾಗ, ಅದೇನು ಅಂತ ಗೊತ್ತಿರೋರು ಒಬ್ರಾದ್ರೂ ಮನೇಲಿ ಇರಬೇಕಲ್ವಾ?”

ನಾನು ಗೋಡೆಯ ಕ್ಯಾಲೆಂಡರನ್ನು ವಿಶೇಷ ಆಸಕ್ತಿಯಿಂದ ಪರಿಶೀಲಿಸಿದೆ. ಮಗಳು ನನ್ನನ್ನು ಹೊಗಳಿದಳೋ ತೆಗಳಿದಳೋ ಎಂಬುದನ್ನು ಇಂದಿಗೂ ಇತ್ಯರ್ಥ ಮಾಡಲಾಗಿಲ್ಲ. ಸೀಟು ಮಾತ್ರ ಸಿಕ್ಕಿತು.

ಮನೆಗೆ ಬಂದವಳೇ ಆಶ್ರಮವನ್ನು ಬರಖಾಸ್ತು ಮಾಡಿದಳು. ಮುಂದಿನ ವಾರ ತಿಪ್ಪಮ್ಮಜ್ಜಿ ಮಂಡಿ ಹಿಡಿದುಕೊಂಡು ಬಂದಾಗ ನನ್ನ ಕೈ ಅಭ್ಯಾಸಬಲದಿಂದ ಫ್ರಿಜ್ಜಿನ ಮೇಲೆ ಹೋಯಿತು. ಖಾಲಿ ಡಬ್ಬಿಯಲ್ಲಿ ಮಾತ್ರೆಗಳ ವಾಸನೆಯಷ್ಟೇ ಉಳಿದಿತ್ತು.

“ಏನಪ್ಪ, ಅಂಗಡಿ ಮುಚ್ಚಿದ್ಯಾ?”

“ನಾಲ್ಕು ವರ್ಷ ರಜ ಅಜ್ಜಿ. ನಡಿ, ಡಾಕ್ಟರ ಹತ್ರ ಹೋಗಾಣ.”

ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದೆ. ಡಾಕ್ಟರು ಬರೆದುಕೊಟ್ಟದ್ದು ಇಡೀ ಮಾತ್ರೆ. ಅಜ್ಜಿ ನನ್ನನ್ನು ವಿಜಯದ ನೋಟದಿಂದ ನೋಡಿದಳು. ಅಂಗಡಿಯವನು ಪಟ್ಟಿಗೆ ಕತ್ತರಿ ಹಾಕುವಷ್ಟರಲ್ಲಿ ನಾನು ಕೈ ಅಡ್ಡ ಹಿಡಿದೆ.

“ಈ ಕಡೆಯಿಂದ ಕತ್ತರಿಸ್ರಿ. ಹೆಸರು ನಮಗಿರಲಿ.”

“ಯಾಕ್ ಸಾರ್?”

“ನಮ್ಮನೇಲಿ ಓದೋರು ಅದಾರೆ” ಎಂದೆ.